‘ಮರುಳು’ ಶಬ್ದದ ಅರ್ಥವಿಚಾರ

ಮರುಳಶಂಕರದೇವರ ಚರಿತ್ರೆಯನ್ನು ಹೇಳುವಾಗ ಅವರು ಕಲ್ಯಾಣದಲ್ಲಿ ‘ಹುಚ್ಚನ ವೇಷ’ದಿಂದ ಇದ್ದರೆಂದು ಹೇಳಿಬಿಡುವ ರೂಢಿ ನಮ್ಮಲ್ಲಿ ಬೆಳೆದಿದೆ. ಹುಚ್ಚು, ಮರುಳು, ಉನ್ಮಾದ ಈ ಮೂರೂ ಒಂದೇ ಎಂಬ ತಿಳಿವಳಿಕೆಯೇ ಇದಕ್ಕೆ ಮೂಲ. ನಿಘಂಟುಗಳು ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಡುವುದೇನೋ ನಿಜ. ಆದರೆ ವಾಚಕರೇ, ನಿಘಂಟನ್ನು ಬದಿಗಿರಿಸಿ ನಮ್ಮ ನಿಮ್ಮ ಮನೆಯ ಮಾತಿಗೇ ಕ್ಷಣಕಾಲ ಕಿವಿಗೊಡಿರಿ.

ಹುಚ್ಚು ಒಬ್ಬನಿಗೆ ಹಿಡಿಯುತ್ತದೆ, ಬಿಡುತ್ತದೆ. ಉನ್ಮಾದವು ಏರುತ್ತದೆ, ಇಳಿಯುತ್ತದೆ. ಮರುಳಿನ ನಡೆ ಸಾಮಾನ್ಯವಾಗಿ ಬೇರೆ. ಅಲ್ಲಿ ಮನುಷ್ಯನೇ ಮರುಳಾಗುತ್ತಾನೆ, ಅದೂ ಯಾವುದಾದರೊಂದಕ್ಕೆ. ಮಾತಿಗೆ ಮರುಳಾದನೆನ್ನುತ್ತೇವೆ, ರೂಪಕ್ಕೆ ಮರುಳಾದನೆನ್ನುತ್ತೇವೆ. ಎದುರಿಗೆ ಸೆಳೆಯುವ ವಸ್ತುವೊಂದಿರಬೇಕು, ಅದಿಲ್ಲದೆ ಮರುಳಿಲ್ಲ.

ಉನ್ಮಾದವು ಸಂಸ್ಕೃತದ ಶಬ್ದ. ಆನೆಯ ಮದವೂ ಇದೂ ಒಂದೇ ಧಾತುವಿನಿಂದ ಹುಟ್ಟಿದವು. ಚರಕಸಂಹಿತೆಯು ಇದನ್ನು ವ್ಯಾಧಿಯೆಂದು ಪರಿಗಣಿಸಿ ಐದು ಬಗೆಗಳನ್ನು ಹೇಳುತ್ತದೆ. ಈಗ ವೃತ್ತಪತ್ರಿಕೆಗಳು ಯುದ್ಧೋನ್ಮಾದವೆಂದೂ ಮತೀಯ ಉನ್ಮಾದವೆಂದೂ ಗುಂಪಿನ ಆವೇಶಕ್ಕೆ ಇದನ್ನು ಬಳಸುತ್ತಿರುವುದು ತಪ್ಪಲ್ಲ. ತಲೆಗೇರುವ ಗುಣ ಆ ಶಬ್ದದಲ್ಲಿಯೇ ಇದೆ. ಅಚ್ಚಗನ್ನಡದಲ್ಲಿ ಅದರ ಕೆಲಸ ಮಾಡುವುದು ‘ಹುಚ್ಚೆದ್ದು’ ಎಂಬ ಮಾತು. ಸಿನಿಮಾ ನೋಡಿದವರು ಹುಚ್ಚೆದ್ದು ಕುಣಿದರೆಂದು ಇಂದು ಹೊಗಳಿಕೆಗಾಗಿ ಬರೆಯುತ್ತಾರೆ. ಇರಲಿ.

ಮರುಳು ಎಂಬುದು ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ತುಳುವಿನಲ್ಲಿ ಅದು ‘ಮರ್ಲ್’ ಎಂದಾಗಿ ಹುಚ್ಚನ್ನೇ ಸೂಚಿಸುತ್ತದೆ. ತೆಲುಗಿನಲ್ಲಿ ‘ಮರುಲು’ ಎಂದರೆ ಮೋಹ, ಅನುರಾಗ. ತಮಿಳಿನಲ್ಲಿ ‘ಮರುಳ್’ ಎಂದರೆ ಭ್ರಮೆ. ಹಳಗನ್ನಡದಲ್ಲಿ ಇನ್ನೂ ಒಂದು ಅರ್ಥವುಂಟು. ಅಲ್ಲಿ ಮರುಳ್ ಎಂದರೆ ಪಿಶಾಚಿ. ಹತ್ತನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ರಣರಂಗದಲ್ಲಿ ಹೆಣಗಳ ನಡುವೆ ನಡೆದುಹೋಗುವಾಗ ಮರುಳೊಂದು ಅವನನ್ನು ಎದುರುಗೊಳ್ಳುತ್ತದೆ. ತನ್ನ ಹೆಸರನ್ನೇ ತಿರುಗಿಸಿ, ಮರುಳು ತಾನೋ ಅರಸನೋ ಎಂದು ಅದು ಕೆಣಕುವ ಆ ಪ್ರಸಂಗದಲ್ಲಿ ಕವಿಯು ಎರಡು ಅರ್ಥಗಳನ್ನೂ ಒಂದೇ ಏಟಿಗೆ ದುಡಿಸಿಕೊಂಡಿದ್ದಾನೆ. ಹಿಡಿಯುವುದಕ್ಕೂ ಹಿಡಿಸಿಕೊಂಡವನಿಗೂ ಒಂದೇ ಹೆಸರು!

ಇದು ಕನ್ನಡದ ವಿಲಕ್ಷಣವೆಂದು ಯಾರೂ ಭಾವಿಸಬೇಕಿಲ್ಲ. ನಮ್ಮ ಭಾಲ್ಕಿಯ ಸಂತೆಯಲ್ಲಿ ಹುಚ್ಚನಿಗೆ ಮರಾಠಿಯವರು ‘ವೇಡಾ’ ಎನ್ನುತ್ತಾರೆ, ಉರ್ದುವಿನವರು ‘ದಿವಾನಾ’ ಎನ್ನುತ್ತಾರೆ. ನಿಜಾಮರ ಆಳಿಕೆಯಲ್ಲಿ, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಪೂಜ್ಯ ಚನ್ನಬಸವ ಪಟ್ಟದ್ದೇವರ ಊರಿದು; 1948ರವರೆಗೆ ಕಚೇರಿಯ ಭಾಷೆ ಉರ್ದುವೇ ಆಗಿದ್ದುದರಿಂದ ಆ ಶಬ್ದ ನಮಗೆ ಪರಕೀಯವಲ್ಲ. ಫಾರಸಿಯ ಈ ‘ದಿವಾನಾ’ ಹುಟ್ಟಿದ್ದು ಭೂತಪ್ರೇತವೆಂಬ ಅರ್ಥದ ‘ದೀವ್’ ಶಬ್ದದಿಂದ. ನಮ್ಮ ಮರುಳು ನಡೆದ ದಾರಿಯನ್ನೇ ಅದೂ ನಡೆದಿದೆ. (ಕೊನೆಯ ದೀರ್ಘವನ್ನು ಬಿಟ್ಟು ಬರೆದರೆ ಹುಚ್ಚನು ಮಂತ್ರಿಯಾಗುವನೆಂಬುದನ್ನು ಕರಣಿಕರು ನೆನಪಿಡಬೇಕು.)

ಈಗ ಕಲ್ಯಾಣಕ್ಕೆ ಬರೋಣ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವರಿಗಾಗಿಯೇ ಒಂದು ಸಂಪಾದನೆ ಮೀಸಲಾಗಿದೆ. ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದಲ್ಲಿ ಆತನು ಹನ್ನೆರಡು ವರ್ಷ ಇದ್ದರೂ ಯಾರೂ ಗುರುತಿಸಲಿಲ್ಲ. ಅಲ್ಲಮಪ್ರಭುಗಳು ಬಂದು ತೋರಿಸಿಕೊಟ್ಟ ಮೇಲೆ ತಿಳಿಯಿತು ಎಂಬುದು ಸಂಪ್ರದಾಯ. ಇದನ್ನು ‘ಹುಚ್ಚನ ವೇಷ’ವೆಂದು ತಿಳಿದರೆ ಏನಾಗುತ್ತದೆ, ಯೋಚಿಸಿರಿ. ವೇಷ ಹಾಕಿದವನನ್ನು ಗುರುತಿಸದಿರುವುದು ಯಾರ ತಪ್ಪೂ ಅಲ್ಲ, ವೇಷವಿರುವುದೇ ಮರೆಮಾಚುವುದಕ್ಕೆ. ಆಗ ಪ್ರಸಂಗವು ಒಂದು ಸೋಜಿಗದ ಕಥೆಯಾಗಿ ಮುಗಿಯುತ್ತದೆ. ಮರುಳನೆಂದೇ ಓದಿದರೆ ಮಾತು ಬೇರೆ. ಪ್ರಸಾದಕ್ಕೆ ಮರುಳಾದವನು ಅಲ್ಲಿ ಏನನ್ನೂ ಬಚ್ಚಿಡಲಿಲ್ಲ. ಎಲ್ಲರ ಕಣ್ಣೆದುರಿಗೇ ಇದ್ದನು. ನೋಡುವವರು ಹುಚ್ಚನೆಂದು ಮುಂದೆ ಸಾಗಿದರು. ಬಸವಣ್ಣನವರ ಅಂಗಳವೂ ಈ ಪರೀಕ್ಷೆಯಿಂದ ಹೊರತಾಗಲಿಲ್ಲವೆಂಬುದನ್ನು ಶೂನ್ಯಸಂಪಾದನಕಾರರು ಮುಚ್ಚಿಡದೆ ಹೇಳಿರುವುದೇ ಆ ಗ್ರಂಥದ ದೊಡ್ಡತನ. ‘ವೇಷ’ವೆಂಬ ಒಂದು ಶಬ್ದವನ್ನು ಸೇರಿಸಿ ನಾವು ಆ ಅಲಗನ್ನೇ ಮೊಂಡುಮಾಡಿದ್ದೇವೆ.

ಇದಕ್ಕೆ ವಿರುದ್ಧವಾದ ತಪ್ಪನ್ನೂ ಹೇಳಬೇಕು. ಶರಣರನ್ನು ಮರುಳರೆಂದು ಗೌರವಿಸುವ ಭರದಲ್ಲಿ, ಮನೆಯಲ್ಲಿ ಚಿತ್ತ ಕದಡಿದ ಮಗನೋ ಸೊಸೆಯೋ ಇದ್ದರೆ ದೇವರು ಮೈಮೇಲೆ ಬಂದಿದ್ದಾನೆಂದು ಕೈಕಟ್ಟಿ ಕುಳಿತುಕೊಳ್ಳುವವರುಂಟು. ಭೂತ ಬಿಡಿಸುವೆನೆಂದು ಹೊಡೆಯುವವರೂ ಉಂಟು. ಮರುಳ್ ಎಂದರೆ ಪಿಶಾಚಿಯೆಂಬ ಹಳೆಯ ಅರ್ಥವು ಕಾವ್ಯದಲ್ಲಿ ಸೊಗಸು, ಕಾಯಿಲೆಯವರ ಹಾಸಿಗೆಯ ಬಳಿ ಅಪಾಯ. ಸರಕಾರದ ಭಾಷೆಯೇ ಇಲ್ಲಿ ತಿದ್ದಿಕೊಂಡಿದೆ. 1912ರ ಕಾಯ್ದೆಯು ಇಂಥವರನ್ನು ‘ಹುಚ್ಚರು’ ಎಂಬರ್ಥದ ಆಂಗ್ಲ ಶಬ್ದದಿಂದಲೇ ಕರೆಯುತ್ತಿತ್ತು. 1987ರ ಕಾಯ್ದೆ ಅದನ್ನು ಕೈಬಿಟ್ಟಿತು. 2017ರ ಕಾಯ್ದೆಯು ಮನೋರೋಗಿಗೆ ಚಿಕಿತ್ಸೆಯನ್ನು ಹಕ್ಕೆಂದು ಒಪ್ಪಿದೆ. ನಮ್ಮ ಬೀದಿಗಳಲ್ಲಿ ಮಾತ್ರ ಹುಡುಗರು ಈಗಲೂ ‘ಹುಚ್ಚ’ ಎಂದು ಕೂಗಿ ಕಲ್ಲೆಸೆಯುತ್ತಾರೆ.

ಕೊನೆಯದಾಗಿ ಮುದ್ರಕರಲ್ಲಿ ಒಂದು ಬಿನ್ನಹ. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯನ್ನು ‘ಮರಳೋ’ ಎಂದು ಅಚ್ಚುಮಾಡುವುದು ಹೆಚ್ಚುತ್ತಿದೆ. ಬೇಂದ್ರೆಯವರು ತಮ್ಮ ‘ಅರಳು ಮರಳು’ ಸಂಕಲನಕ್ಕೆ ಹೆಸರಿಡುವಾಗ ಆ ಒಂದು ಕೊಂಬನ್ನು ಬೇಕೆಂದೇ ಬಿಟ್ಟು, ಮುಪ್ಪಿನ ಮರುಳನ್ನು ಮರಳಿ ಅರಳುವುದಾಗಿ ಮಾಡಿದರು. ಅದು ಕವಿಯ ಅಧಿಕಾರ. ನಾವು ಕೊಂಬು ಬಿಟ್ಟರೆ ಜಾತ್ರೆಯಲ್ಲಿ ಉಳಿಯುವುದು ಹೊಳೆಯ ಉಸುಕು ಮಾತ್ರ.