ಹಾಜಿ ಅಬ್ದುಲ್ಲಾ ಸಾಹೇಬರ ಮನೆ

ಉಡುಪಿಯ ಈ ಮನೆಯ ಮುಂದೆ ನಿಂತರೆ ಬ್ಯಾಂಕು ಅನಿಸುವುದೇ ಇಲ್ಲ; ಅದೇ ಇದರ ಚೆಲುವು. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರೂ ಅವರ ಜೊತೆಗಾರರೂ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಶುರುಮಾಡಿದರು. ಬಂಡವಾಳ 5000 ರೂಪಾಯಿ. ಮೊದಲ ದಿನದ ಸಂಜೆಗೆ ಲೆಕ್ಕಕ್ಕೆ ಬಂದದ್ದು 38 ರೂಪಾಯಿ, 13 ಆಣೆ, 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟ ಕೈಯ ಮೇಲೆ ನನಗೆ ಅಪಾರ ಗೌರವ. ಸಾಲ ಬೇಕೆಂದರೆ ಸಾಹುಕಾರನ ಬಾಗಿಲು ಕಾಯಬೇಕಿದ್ದ ಕಾಲವದು; ಆಗ ವಾಸದ ಮನೆಯೇ ಊರಿನ ಬ್ಯಾಂಕಾದದ್ದು ದೊಡ್ಡ ಮಾತು. ಸಂಸ್ಥೆ ಕಾರ್ಪೊರೇಷನ್ ಬ್ಯಾಂಕಾಗಿ ದೇಶವಿಡೀ ಹಬ್ಬಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮನೆ ಮಾತ್ರ ಉಳಿದು ವಸ್ತುಸಂಗ್ರಹಾಲಯವಾಗಿದೆ. ಕ್ರಿಸ್ತಪೂರ್ವದ ನಾಣ್ಯಗಳಿಂದ ಹಿಡಿದು ನಮ್ಮ ಕಾಲದ ನಾಣ್ಯಗಳವರೆಗೆ ಎಲ್ಲವನ್ನೂ ಅಲ್ಲಿ ನೋಡಬಹುದು; ಮಕ್ಕಳನ್ನು ಕರೆದೊಯ್ಯಿರಿ.