ಸಾಕ್ಷಿಯ ಸಹಿ ಯಾರದು?

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ನಡೆದ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಪ್ರಯೋಗವನ್ನು ವೈದ್ಯಲೋಕ ಸುಮ್ಮನೆ ಹೊಗಳಲಿಲ್ಲ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಸಂಶೋಧಕರ ಜೊತೆಗೂಡಿ 1,620 ಹೆಂಗಸರನ್ನು ಸೇರಿಸಿಕೊಂಡಿತ್ತು. ಹೆರಿಗೆ ಅವರವರ ಮನೆಯಲ್ಲಿ, ಇಲ್ಲವೇ ಆರೋಗ್ಯ ಉಪಕೇಂದ್ರದಲ್ಲಿ. ಮಗು ಹೊರಬಂದೊಡನೆ ಎಎನ್‌ಎಂ ಸಿಸ್ಟರು ಅರ್ಧದಷ್ಟು ಬಾಣಂತಿಯರಿಗೆ ಮದ್ದಿನ ಗುಳಿಗೆ, ಉಳಿದವರಿಗೆ ಮದ್ದಿಲ್ಲದ ಹುಸಿಗುಳಿಗೆ ಕೊಟ್ಟರು. ಯಾವುದು ಯಾವುದೆಂದು ಅವರಿಗೂ ತಿಳಿದಿರಲಿಲ್ಲ. ಸುರಿದ ರಕ್ತವನ್ನು ಅಳತೆಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ಅಳೆದರು. ಹುಸಿಗುಳಿಗೆಯವರಲ್ಲಿ ಶೇ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಮದ್ದು ನುಂಗಿದವರಲ್ಲಿ ಶೇ 6.4. ಫಲಿತಾಂಶ 2006ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ತಕರಾರಿರುವುದು ಹುಸಿಗುಳಿಗೆಯ ಬಗ್ಗೆ. ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಆಗಲೇ ಇತ್ತು. ಆದರೆ ಆ ಹಳ್ಳಿಗಳ ಹೆರಿಗೆಗಳಿಗೆ ಅದು ಸಿಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ಇದ್ದದ್ದು ತಪ್ಪಲಿಲ್ಲ ಎಂಬುದು ಸಮರ್ಥನೆ. ಲೆಕ್ಕಕ್ಕೆ ಸರಿ. ಆದರೂ ಸರ್ಕಾರ ಕೊಡದೆ ಉಳಿಸಿದ್ದನ್ನೇ ಅಳತೆಗೋಲು ಮಾಡಿಕೊಂಡರೆ, ಬಡವರು ಹೆಚ್ಚಿರುವ ಊರೇ ಪ್ರಯೋಗಕ್ಕೆ ಅನುಕೂಲದ ಊರಾಗುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇದೇ ಪ್ರಯೋಗಕ್ಕೆ ಒಪ್ಪಿಗೆ ಸಿಗುತ್ತಿತ್ತೇ? ನನಗೆ ನಂಬಿಕೆಯಿಲ್ಲ. ತಂಪುಪೆಟ್ಟಿಗೆ ಬೇಡದ, ಸೂಜಿ ಬೇಡದ ಗುಳಿಗೆಯನ್ನು ಹಳ್ಳಿಯಲ್ಲೇ ಪರೀಕ್ಷಿಸಬೇಕಿತ್ತು ಎಂಬುದನ್ನಂತೂ ಒಪ್ಪುತ್ತೇನೆ.

ಈಗ ಕಾನೂನು ಬಿಗಿಯಾಗಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಸಂಸ್ಥೆಯ ಹೊರಗಿನವರಿರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಓದಲು ಬಾರದವರು ಒಪ್ಪಿಗೆ ಕೊಡುವಾಗ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಎದುರಿಗಿದ್ದು ಸಹಿ ಹಾಕಬೇಕು.

ಈ ಕೊನೆಯ ನಿಯಮವನ್ನು ಸಿರುಗುಪ್ಪ ತಾಲ್ಲೂಕಿನ ನಮ್ಮ ಕರೂರಿಗೆ ತಂದು ನೋಡಿ. ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಗರ್ಭಿಣಿಯ ಮುಂದೆ ಕಾಗದ ಹಿಡಿಯುವವರು ಯಾರು? ತಾಯಿ ಕಾರ್ಡ್ ಬರೆದುಕೊಟ್ಟ ಸಿಸ್ಟರೇ. ಸಾಕ್ಷಿ ಯಾರು? ಪಕ್ಕದಲ್ಲೇ ನಿಂತ ಆಶಾ ಕಾರ್ಯಕರ್ತೆ. ಇಬ್ಬರೂ ಒಂದೇ ಇಲಾಖೆಯವರು, ಇಬ್ಬರೂ ನಾಳೆ ಹೆರಿಗೆಗೆ ಬೇಕಾದವರು. ‘ಒಲ್ಲೆನಕ್ಕ’ ಎಂದು ಅವಳು ಹೇಳುವುದು ಹೇಗೆ? ಹೆಬ್ಬೆಟ್ಟು ಬೀಳುತ್ತದೆ, ಕಡತವೂ ಚೊಕ್ಕವಾಗಿರುತ್ತದೆ.

ನೈತಿಕ ಸಮಿತಿಯವರಲ್ಲಿ ನನ್ನ ಕೇಳಿಕೆ ಇಷ್ಟೇ: ಆರೈಕೆ ಮಾಡುವವರಿಂದ ಒಪ್ಪಿಗೆ ಕೇಳಿಸಬೇಡಿ, ಸಾಕ್ಷಿಯನ್ನು ಆರೋಗ್ಯ ಇಲಾಖೆಯ ಹೊರಗಿನಿಂದ ಕರೆತನ್ನಿ, ಮತ್ತು ಎಷ್ಟು ಮಂದಿ ಒಲ್ಲೆ ಎಂದರೆಂಬ ಲೆಕ್ಕ ಕೇಳಿ. ಒಬ್ಬರೂ ಒಲ್ಲೆ ಎನ್ನದ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ವಿಚಾರಿಸಿ.