ಒಂದು ಇಂಗ್ಲಿಷ್ ವಾಕ್ಯಕ್ಕೆ ಪದವ್ಯಾಖ್ಯಾನ

ಮೂಲ: ‘ವಿ ಪುಟ್ ಇಟ್ ಆಫ್, ರ‍್ಯಾನ್ ಔಟ್ ಆಫ್ ಟೈಮ್, ಅಂಡ್ ಥ್ರೂ ಇನ್ ದ ಟವಲ್.’

ತಾತ್ಪರ್ಯವಿದು: ಹಿಡಿದ ಕೆಲಸವನ್ನು ಮುಂದೂಡಿದೆವು, ವೇಳೆ ತೀರಿಹೋಯಿತು, ಕಡೆಗೆ ಸೋಲೊಪ್ಪಿದೆವು. ನಿಘಂಟು ತೆರೆದು ನೋಡಬೇಕಾದ ಕಠಿನ ಪದ ಇಲ್ಲಿ ಒಂದೂ ಇಲ್ಲ. ಆದರೂ ಬಿಡಿಪದಗಳ ಮುಖ್ಯಾರ್ಥವನ್ನು, ಎಂದರೆ ಕೇಳಿದೊಡನೆ ತೋರುವ ಅರ್ಥವನ್ನು, ಒಂದರ ಪಕ್ಕದಲ್ಲೊಂದು ಜೋಡಿಸಿದರೆ ‘ಅದನ್ನು ಆಚೆಗೆ ಇಟ್ಟೆವು, ಕಾಲದ ಹೊರಕ್ಕೆ ಓಡಿದೆವು, ಟವಲನ್ನು ಒಳಕ್ಕೆ ಎಸೆದೆವು’ ಎಂಬ ಅಸಂಗತ ಮಾತು ಹುಟ್ಟುತ್ತದೆ. ಅರ್ಥವು ಪದಗಳ ಕೂಟದಲ್ಲಿ ನೆಲೆಸಿರುವುದರಿಂದ ಇಲ್ಲಿ ವ್ಯಾಖ್ಯಾನಕ್ಕೆ ಅವಕಾಶವಾಯಿತು.

‘ವಿ’ ಎಂದರೆ ನಾವು. ಮೂರು ಕ್ರಿಯೆಗಳಿಗೂ ಇದೊಂದೇ ಕರ್ತೃಪದ. ಕನ್ನಡವಾದರೆ ‘ಮುಂದೂಡಿ, ವೇಳೆ ಕಳೆದು, ಕೈಚೆಲ್ಲಿದೆವು’ ಎಂದು ಕಡೆಯ ಕ್ರಿಯೆಗೆ ಮಾತ್ರ ಕಾಲವನ್ನೂ ಪುರುಷವನ್ನೂ ತೊಡಿಸುತ್ತದೆ. ಇಂಗ್ಲಿಷಿನಲ್ಲಿ ಮೂರೂ ಭೂತಕಾಲದಲ್ಲಿಯೇ ನಿಲ್ಲಬೇಕು. ‘ಪುಟ್’ ಎಂಬ ರೂಪವು ವರ್ತಮಾನಕ್ಕೂ ಭೂತಕ್ಕೂ ಒಂದೇ. ‘ರನ್’ ಧಾತುವಿನ ಭೂತರೂಪವಾದ ‘ರ‍್ಯಾನ್’, ‘ಥ್ರೋ’ ಧಾತುವಿನ ಭೂತರೂಪವಾದ ‘ಥ್ರೂ’ ಇವುಗಳ ಸಾಹಚರ್ಯದಿಂದ ಅದೂ ಭೂತವೆಂದು ನಿಶ್ಚಯವಾಗುತ್ತದೆ.

‘ಪುಟ್ ಆಫ್’: ಪುಟ್ ಎಂದರೆ ಇಡು, ಆಫ್ ಎಂದರೆ ಆಚೆಗೆ. ಕೂಡಿದಾಗ ಮುಂದೂಡು ಎಂದರ್ಥ. ಇಂಥ ಕೂಟಕ್ಕೆ ಇಂಗ್ಲಿಷ್ ವೈಯಾಕರಣರು ಫ್ರೇಸಲ್ ವರ್ಬ್ ಎನ್ನುತ್ತಾರೆ. ಈ ಹೆಸರನ್ನು ಲೋಗನ್ ಪಿಯರ್ಸಾಲ್ ಸ್ಮಿತ್ 1925ರ ತನ್ನ ಗ್ರಂಥದಲ್ಲಿ ಬಳಸಿ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕನಾದ ಹೆನ್ರಿ ಬ್ರಾಡ್ಲಿ ಇದನ್ನು ಸೂಚಿಸಿದವನೆಂದು ಹೇಳಿದ್ದಾನೆ. ಹೆಸರಿಗಿಂತ ವಸ್ತು ಹಳೆಯದು. ಪರಭಾಷಿಕರಿಗೆ ಇಂಗ್ಲಿಷಿನಲ್ಲಿ ಅತ್ಯಂತ ತೊಡಕಾದುದು ಇದೇ ಎಂದು ಸ್ಯಾಮ್ಯುಯಲ್ ಜಾನ್ಸನ್ ತನ್ನ 1755ರ ನಿಘಂಟಿನ ಮುನ್ನುಡಿಯಲ್ಲಿಯೇ ಎಚ್ಚರಿಸಿದ್ದನು. ಸಂಸ್ಕೃತದಲ್ಲಿ ‘ಹೃ’ ಎಂಬ ಒಂದೇ ಧಾತುವು ಉಪಸರ್ಗಭೇದದಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂದು ಬೇರೆಬೇರೆ ಅರ್ಥಗಳನ್ನು ತಾಳುವಂತೆ, ಇಲ್ಲಿ ‘ಪುಟ್ ಆನ್’ ಎಂದರೆ ತೊಡು, ‘ಪುಟ್ ಔಟ್’ ಎಂದರೆ ದೀಪವನ್ನೋ ಬೆಂಕಿಯನ್ನೋ ಆರಿಸು, ‘ಪುಟ್ ಅಪ್ ವಿತ್’ ಎಂದರೆ ಸಹಿಸು.

‘ಪುಟ್ ಆಫ್’ಗೆ ಇನ್ನೊಂದು ಅರ್ಥವೂ ಉಂಟು: ಒಬ್ಬನ ಮನಸ್ಸು ಹಿಂಜರಿಯುವಂತೆ ಮಾಡು. ಊಟದ ನಾತವು ಉಣ್ಣುವವನನ್ನು ‘ಪುಟ್ ಆಫ್’ ಮಾಡಿತು ಎಂಬಲ್ಲಿ ಆ ಅರ್ಥ. ಪ್ರಕೃತದಲ್ಲಿ ಅದು ಸಲ್ಲದು; ಮುಂದೆ ಕಾಲದ ಮಾತು ಬರುವುದರಿಂದ ಪ್ರಕರಣಬಲದಿಂದ ಮುಂದೂಡುವಿಕೆಯೇ ಗ್ರಾಹ್ಯ. ‘ಪೋಸ್ಟ್‌ಪೋನ್’ ಎಂಬುದು ಇದರ ಪರ್ಯಾಯ. ಅದು ಲ್ಯಾಟಿನ್ ಮೂಲದ್ದು. ಅದರ ಅವಯವಗಳೂ ‘ಹಿಂದೆ’ ಮತ್ತು ‘ಇಡು’ ಎಂಬಿವೇ. ಸುತ್ತೋಲೆಗೆ, ನ್ಯಾಯಾಲಯದ ಆದೇಶಕ್ಕೆ ಅದು ಒಪ್ಪುತ್ತದೆ, ಆಡುಮಾತಿಗೆ ‘ಪುಟ್ ಆಫ್’.

‘ಇಟ್’ ಎಂದರೆ ಅದನ್ನು, ಇಲ್ಲಿ ಕೆಲಸವನ್ನು. ಈ ಕರ್ಮಪದವು ಧಾತುವಿಗೂ ಆಫ್‌ಗೂ ನಡುವೆ ಕುಳಿತಿರುವುದು ಗಮನಾರ್ಹ. ಕರ್ಮವು ನಾಮಪದವಾದರೆ ‘ಪುಟ್ ಆಫ್ ದ ವರ್ಕ್’, ‘ಪುಟ್ ದ ವರ್ಕ್ ಆಫ್’ ಎಂಬ ಎರಡು ಕ್ರಮಗಳೂ ಸಾಧು. ಸರ್ವನಾಮವಾದರೆ ನಡುವೆಯೇ ಬರತಕ್ಕದ್ದು. ‘ಪುಟ್ ಆಫ್ ಇಟ್’ ಎಂಬುದು ಅಸಾಧು. ಉಚ್ಚಾರದಲ್ಲಿಯೂ ‘ಇಟ್’ ಹಗುರವಾಗಿ ಜಾರಿ, ಒತ್ತು ಆಫ್ ಮೇಲೆ ಬೀಳುತ್ತದೆ. ಅನ್ವಯ ಮಾಡುವವನು ನಡುವಿನ ಪದವನ್ನು ದಾಟಿ ಎರಡು ತುದಿಗಳನ್ನು ಕೂಡಿಸಬೇಕು. ಇದು ನಮ್ಮ ಶಾಸ್ತ್ರಕ್ಕೆ ಅಪರಿಚಿತವಲ್ಲ. ಉಪಸರ್ಗವು ಧಾತುವಿನ ಮುನ್ನ ಬರುವುದೆಂದು ವಿಧಿಸಿದ ಪಾಣಿನಿಯೇ, ವೇದದಲ್ಲಿ ಅದು ಧಾತುವಿನ ಬಳಿಕವೂ ಬರಬಹುದು, ನಡುವೆ ಅನ್ಯಪದಗಳ ವ್ಯವಧಾನವೂ, ಎಂದರೆ ಅಂತರವೂ, ಇರಬಹುದು ಎಂದು ಹೇಳಿದ್ದಾನೆ.

‘ರ‍್ಯಾನ್ ಔಟ್ ಆಫ್ ಟೈಮ್’: ಇಲ್ಲಿ ‘ರನ್ ಔಟ್ ಆಫ್’ ಎಂಬ ಮೂರು ಪದಗಳು ಕೂಡಿ ಒಂದು ಕ್ರಿಯೆ, ‘ಟೈಮ್’, ಎಂದರೆ ವೇಳೆ, ಅದರ ವಿಷಯ. ರನ್ ಎಂಬುದಕ್ಕೆ ಓಡು ಎಂಬುದಲ್ಲದೆ ಹರಿ ಎಂಬ ಅರ್ಥವೂ ಉಂಟು. ಹರಿದು ಹೊರಗೆ ಹೋದದ್ದು ಒಳಗೆ ಉಳಿಯದು. ಆದ್ದರಿಂದ ತೀರಿಹೋಗು ಎಂಬ ಅರ್ಥ ಸಂಗತವಾಗುತ್ತದೆ. ಔಟ್ ಎಂಬುದು ಅನ್ಯತ್ರವೂ ಮುಗಿವನ್ನು ಸೂಚಿಸುತ್ತದೆ: ಸರಕೆಲ್ಲ ಮಾರಿಹೋದರೆ ‘ಸೆಲ್ ಔಟ್’, ಬಟ್ಟೆ ಸವೆದುಹೋದರೆ ‘ವೇರ್ ಔಟ್’, ಕುಲ ಅಳಿದುಹೋದರೆ ‘ಡೈ ಔಟ್’. ವೇಳೆಯನ್ನೇ ಕರ್ತೃವಾಗಿಸಿ ‘ಟೈಮ್ ರ‍್ಯಾನ್ ಔಟ್’ ಎನ್ನಬಹುದು. ಆಗ ‘ಆಫ್’ ಬಿದ್ದುಹೋಗುತ್ತದೆ. ಮೂಲದಲ್ಲಿ ‘ವಿ’ಯನ್ನೇ ಕರ್ತೃವಾಗಿ ಇರಿಸಿಕೊಂಡದ್ದರಿಂದ, ವೇಳೆ ತಾನಾಗಿ ತೀರಿತೆನ್ನದೆ, ವೇಳೆಯಿಲ್ಲದವರಾದೆವು ಎಂದು ಮಾತು ಮುಂದೂಡಿದವರ ಮೇಲೆಯೇ ನಿಲ್ಲುತ್ತದೆ.

ಈ ಎರಡನೆಯ ‘ಆಫ್’ ಮೊದಲಿನದಲ್ಲ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಂಡರೂ ಇಂಗ್ಲಿಷಿನಲ್ಲಿ ಬರಹವೂ ಉಚ್ಚಾರವೂ ಬೇರೆ. ಮೊದಲಿನದು ಆಚೆಗೆ ಎಂಬ ಅರ್ಥದ್ದು, ಒತ್ತುಳ್ಳದ್ದು. ಇದು ಸಂಬಂಧವನ್ನು ಮಾತ್ರ ತೋರುವಂಥದು, ಒತ್ತಿಲ್ಲದ್ದು.

‘ಅಂಡ್’ ಎಂದರೆ ಮತ್ತು. ಇಲ್ಲಿ ಅದು ಬರಿಯ ಸಮುಚ್ಚಯವಲ್ಲ, ಕ್ರಮವನ್ನೂ ಹೇಳುತ್ತದೆ: ಮುಂದೂಡಿದ ಬಳಿಕ ವೇಳೆ ತೀರಿತು, ತೀರಿದ ಬಳಿಕ ಸೋಲು.

‘ಥ್ರೂ ಇನ್ ದ ಟವಲ್’: ಟವಲನ್ನು ಒಳಕ್ಕೆ ಎಸೆದೆವು ಎಂಬುದು ವಾಚ್ಯಾರ್ಥ. ಇದು ಬಾಕ್ಸಿಂಗ್ ಅಂಕಣದ ಮಾತು. ಮಲ್ಲನು ಇನ್ನು ಹೊಡೆತ ತಾಳಲಾರನೆಂದು ಕಂಡಾಗ ಅವನ ಪಕ್ಷದವನು ಅಂಕಣದೊಳಕ್ಕೆ ಟವಲನ್ನು ಎಸೆದು ಸೋಲೊಪ್ಪುವುದು ಅಲ್ಲಿನ ವಾಡಿಕೆ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಲಕ್ಷಣೆಗೆ, ಎಂದರೆ ಪದವು ಮುಖ್ಯಾರ್ಥವನ್ನು ಬಿಟ್ಟು ಅದಕ್ಕೆ ನಂಟಾದ ಬೇರೊಂದು ಅರ್ಥವನ್ನು ಕೊಡುವುದಕ್ಕೆ, ಹೇಳಿದ ಹೇತುಗಳು ಇಲ್ಲಿ ಕೂಡಿಬರುತ್ತವೆ. ಕೆಲಸದ ಪ್ರಸ್ತಾವದಲ್ಲಿ ಟವಲಿಗೆ ಪ್ರಸಕ್ತಿಯಿಲ್ಲ, ಇದು ಮುಖ್ಯಾರ್ಥಬಾಧ. ಎಸೆದ ಟವಲಿಗೂ ಸೋಲಿಗೂ ನಂಟಿದೆ, ಇದು ತದ್ಯೋಗ. ಜನರ ಬಳಕೆಯಲ್ಲಿ ಅದು ನೆಲೆನಿಂತಿದೆ, ಇದು ರೂಢಿ. ಹೀಗೆ ಬಂದ ನುಡಿಗಟ್ಟು ಈಡಿಯಂ ಎನಿಸುತ್ತದೆ. ‘ಗಿವ್ ಅಪ್’ ಎಂದೂ ಹೇಳಬಹುದಾಗಿತ್ತು. ಆದರೆ ಅದರಲ್ಲಿ ಬಿಟ್ಟುಬಿಡುವುದಷ್ಟೇ ತೋರುತ್ತದೆ, ಸೆಣಸಿ ಸೋತುದು ತೋರದು.

ಇನ್ನು ಸಮನ್ವಯ. ಮೂರು ಕ್ರಿಯೆಗಳಲ್ಲಿ ಬೆಸುಗೆಯ ಬಿಗಿ ಒಂದಕ್ಕಿಂತ ಒಂದು ಹೆಚ್ಚು. ‘ಪುಟ್ ಆಫ್’ ಕರ್ಮಕ್ಕೆ ತನ್ನ ನಡುವೆಯೇ ಎಡೆಗೊಡುತ್ತದೆ. ‘ರನ್ ಔಟ್ ಆಫ್’ ನಡುವೆ ಎಡೆಗೊಡದೆ ತುದಿಯಲ್ಲಿ ಮಾತ್ರ ಸೇರಿಸಿಕೊಳ್ಳುತ್ತದೆ. ಅಲ್ಲಿ ವೇಳೆಯ ಬದಲು ಹಣ, ಅಕ್ಕಿ, ತಾಳ್ಮೆ ಯಾವುದೂ ನಿಲ್ಲಬಹುದು. ‘ಥ್ರೋ ಇನ್ ದ ಟವಲ್’ ತನ್ನ ಕರ್ಮವನ್ನು ಆಗಲೇ ಹೊತ್ತುಬಂದಿದೆ. ಟವಲಿನ ಬದಲು ಅಂಗಿಯನ್ನಿಟ್ಟರೆ, ಬಹುವಚನ ಮಾಡಿದರೆ, ‘ದ’ ತೆಗೆದರೆ ಲಕ್ಷ್ಯಾರ್ಥವು ಕಳಚಿ ಬರಿಯ ಬಟ್ಟೆ ಉಳಿಯುತ್ತದೆ. ಆದುದರಿಂದ ಕಲಿಯುವವನು ಇಂಥ ಕೂಟವನ್ನು ಅರ್ಥದೊಡನೆ ಮಾತ್ರ ಬರೆದಿಟ್ಟುಕೊಂಡರೆ ಸಾಲದು. ಕರ್ಮವು ನಡುವೆ ಬರುವುದೋ, ತುದಿಯಲ್ಲೋ, ಬದಲಾಗದೆ ಒಳಗೇ ಇರುವುದೋ ಎಂಬುದನ್ನೂ ಜೊತೆಗೆ ಬರೆದುಕೊಳ್ಳತಕ್ಕದ್ದು. ಅರ್ಥ ತಿಳಿದರೆ ವಾಕ್ಯವನ್ನು ಓದಬಲ್ಲನು. ಸ್ಥಾನವೂ ತಿಳಿದರೆ ತಾನೇ ವಾಕ್ಯವನ್ನು ಕಟ್ಟಬಲ್ಲನು.